ಫೋನ್ ಬಿಚ್ಚುವ, ಗುಟ್ಟು ಬಿಚ್ಚದ ಬೆನ್ನಕ್ಕ

ಬೆಳಗಿನ ಐದೂವರೆ. ಬಸ್ ನಿಲ್ದಾಣದ ಎದುರಿನ ಹಳೆಯ ಕಟ್ಟಡದಲ್ಲಿ ಮೆಟ್ಟಿಲ ಕೆಳಗೆ ಪುಟ್ಟದೊಂದು ದೀಪ ಹೊತ್ತಿಕೊಳ್ಳುತ್ತದೆ. ಎದ್ದು ನಿಂತರೆ ತಲೆ ತಗಲುವ, ಕಾಲು ಚಾಚಿದರೆ ಷಟರ್ ತಗಲುವ ಜಾಗ ಅದು. ಒಳಗೆ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ನೀಲಿ ರಬ್ಬರ್ ಹಾಸನ್ನು ಒರೆಸಿ, ಚಿಮಟ, ಸಣ್ಣ ಸ್ಕ್ರೂಡ್ರೈವರ್‌ಗಳನ್ನು ಸಾಲಾಗಿ ಇಟ್ಟು, ಬೆಸುಗೆ ಕಡ್ಡಿಯನ್ನು ಕಾಯಲು ಹಾಕುತ್ತಾರೆ. ಕಡ್ಡಿ ಕಾಯುವಷ್ಟರಲ್ಲಿ ಮೊದಲ ಗಿರಾಕಿ ಹಾಜರು. ಮೊದಲ ಬಸ್ಸಿನ ಚಾಲಕ. ಅವರ ಫೋನು ರಾತ್ರಿಯಿಡೀ ಚಾರ್ಜಿಗೆ ಹಾಕಿದರೂ ಎದ್ದಿಲ್ಲ.

"ಮೊದಲು ಸಿಮ್ ಹಿಡ್ಕೊಳ್ಳಿ, ಜೇಬಲ್ಲಿ ಭದ್ರವಾಗಿಟ್ಕೊಳ್ಳಿ" ಎಂದು ಅಕ್ಕಿಕಾಳಿನಷ್ಟು ಹಗುರವಾದ ಅದನ್ನು ಅವರ ಅಂಗೈಗೆ ಹಾಕುತ್ತಾರೆ. ಚಾರ್ಜು ಹೋಗುವ ತೂತಿನಿಂದ ಸೂಜಿಯ ತುದಿಯಲ್ಲಿ ಬಟ್ಟೆಯ ನೂಲಿನ ಉಂಡೆಯೊಂದು ಹೊರಬರುತ್ತದೆ. ಫೋನಿಗೆ ಜೀವ ಬರುತ್ತದೆ. ಬೀಗದ ಅಂಕಿ ಕೇಳುತ್ತದೆ. ಚಾಲಕ ಬಾಯಿ ತೆರೆಯುವ ಮೊದಲೇ ಈಕೆ ಕೈ ಅಡ್ಡ ಹಿಡಿಯುತ್ತಾರೆ. "ಹೇಳಬೇಡಿ. ನೀವೇ ಒತ್ತಿ." ಅಷ್ಟು ಹೇಳಿ, ಕುಳಿತ ಸ್ಟೂಲನ್ನು ಗರ್ರನೆ ತಿರುಗಿಸಿ ಗೋಡೆಯ ಕಡೆ ಮುಖ ಮಾಡಿ ಕೂರುತ್ತಾರೆ.

ಈ ತಿರುಗುವಿಕೆಯಿಂದಲೇ ಅವರಿಗೆ ಬೆನ್ನಕ್ಕ ಎಂಬ ಹೆಸರು ಬಿದ್ದಿದೆ. ಮೊದಲು ಗೇಲಿಗೆ ಇಟ್ಟ ಹೆಸರು, ಈಗ ಅಂಗಡಿಯ ಹೆಸರು. ದಿನಕ್ಕೆ ಇಪ್ಪತ್ತು ಸಲವಾದರೂ ಅವರು ಗೋಡೆ ನೋಡುತ್ತಾರೆ. "ಆ ಗೋಡೆಯ ಬಿರುಕೆಲ್ಲ ನನಗೆ ಬಾಯಿಪಾಠ" ಎನ್ನುತ್ತಾರೆ. ಹೀಗೆ ಬೆನ್ನು ತಿರುಗಿಸುವ ಈ ಹೆಂಗಸಿನ ಮುಂದೆ ಕಳೆದ ತಿಂಗಳು ಹತ್ತಾರು ಜನ ನಿಂತು, ಅಂಗಡಿಯಲ್ಲಿದ್ದ ಒಂದು ಫೋನನ್ನು ತೆರೆದು ಓದಲೇಬೇಕು, ಇಲ್ಲದಿದ್ದರೆ ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದು ಹಠ ಹಿಡಿದಿದ್ದರು. ಆ ಫೋನಿನ ಒಡತಿಯ ಮಾನ ಅದರೊಳಗಿತ್ತು. ಆ ಕಥೆಗೆ ಬರುವ ಮುನ್ನ ಬೆನ್ನಕ್ಕನನ್ನು ಸ್ವಲ್ಪ ಅರಿಯಬೇಕು.

ಫೋನ್ ರಿಪೇರಿಗೆ ಬರುವ ಮೊದಲು ಅವರು ಜೆರಾಕ್ಸ್ ಅಂಗಡಿಯಲ್ಲಿ ಆರು ವರ್ಷ ದುಡಿದವರು. ಯಂತ್ರ ಕೆಟ್ಟಾಗಲೆಲ್ಲ ಬರುತ್ತಿದ್ದ ಮೆಕ್ಯಾನಿಕ್ ಬಿಚ್ಚುವುದನ್ನು ನೋಡಿ ನೋಡಿ, ಆತ ಬರುವ ಮೊದಲೇ ಬಿಚ್ಚಿ ಜೋಡಿಸುವಷ್ಟು ಕೈ ಪಳಗಿತು. ಮುಂದೆ ಒಂದು ತರಬೇತಿ, ಆಮೇಲೆ ಈ ಮೆಟ್ಟಿಲ ಕೆಳಗಿನ ಗೂಡು. ಹನ್ನೊಂದು ವರ್ಷವಾಯಿತು. ಮೊದಲ ವರ್ಷ ಬಂದವರೆಲ್ಲ ಒಳಗೆ ಇಣುಕಿ, "ರಿಪೇರಿ ಮಾಡೋ ಅಣ್ಣ ಇಲ್ವಾ?" ಎಂದು ಕೇಳುತ್ತಿದ್ದರು. "ಅಣ್ಣ ಊಟಕ್ಕೆ ಹೋಗಿದ್ದಾನೆ, ಅಷ್ಟರಲ್ಲಿ ನಾನೊಂದು ಸಲ ನೋಡ್ತೀನಿ ಅಂತ ಫೋನ್ ಈಸ್ಕೊಂಡು ಸರಿ ಮಾಡಿ ಕೊಡ್ತಿದ್ದೆ. ಆ ಅಣ್ಣ ಇವತ್ತಿನವರೆಗೂ ಊಟ ಮುಗಿಸಿಲ್ಲ" ಎಂದು ನಗುತ್ತಾರೆ.

ದಿನಕ್ಕೆ ಹದಿನಾಲ್ಕು ಹದಿನೈದು ಫೋನು. ಅದರಲ್ಲಿ ಐದಾರು ಒಡೆದ ಗಾಜು, ನಾಲ್ಕು ಸತ್ತ ಬ್ಯಾಟರಿ, ನೀರಿಗೆ ಬಿದ್ದದ್ದು ಒಂದಾದರೂ ಇದ್ದೇ ಇರುತ್ತದೆ. "ಬಚ್ಚಲಲ್ಲಿ ಬಿತ್ತು ಅಂತ ಯಾರೂ ಹೇಳಲ್ಲ. ಎಲ್ಲರ ಫೋನೂ ಮಳೆಯಲ್ಲೇ ನೆನೆಯೋದು, ಬಿರುಬೇಸಿಗೆಯಲ್ಲೂ." ಒಂದು ಫೋನಿನ ಹೊಟ್ಟೆಯಲ್ಲಿ ಹದಿನಾರರಿಂದ ಇಪ್ಪತ್ತು ಸ್ಕ್ರೂ, ಒಂದು ಕೆಳಗೆ ಬಿದ್ದರೆ ಮೊಣಕಾಲೂರಿ ಅರ್ಧ ಗಂಟೆ ಹುಡುಕಾಟ. ಬಗ್ಗಿ ಬಗ್ಗಿ ಕತ್ತು ಹಿಡಿದುಕೊಂಡಿದೆ, ಎಡ ಹೆಬ್ಬೆರಳಲ್ಲಿ ಗಾಜು ಕೊಯ್ದ ಗೆರೆಗಳಿವೆ, ಕಣ್ಣಿಗೆ ದಿನಕ್ಕೆರಡು ಸಲ ಹನಿ ಬೀಳಬೇಕು. ಕೆಲಸ ಬಿಡುವ ಮಾತು ಮಾತ್ರ ಅವರ ಬಾಯಲ್ಲಿ ಬರುವುದಿಲ್ಲ. ಸತ್ತ ಪರದೆ ಬೆಳಗಿದಾಗ ಗಿರಾಕಿಯ ಮುಖವೂ ಬೆಳಗುತ್ತದಲ್ಲ, ಅದನ್ನು ನೋಡುವುದು ಅವರಿಗೆ ಇಂದಿಗೂ ಖುಷಿ.

ಬೆನ್ನು ತಿರುಗಿಸುವ ಪಾಠವನ್ನು ಅವರಿಗೆ ಯಾವ ತರಬೇತಿಯೂ ಕಲಿಸಲಿಲ್ಲ. ಸ್ವಂತ ನಾಲಿಗೆ ಕಲಿಸಿತು. ಅಂಗಡಿ ತೆರೆದ ಎರಡನೇ ವರ್ಷ ಬೇಕರಿಯ ಕೆಲಸಗಾರರೊಬ್ಬರು ಗಾಜು ಹಾಕಿಸಲು ಬಂದಿದ್ದರು. ಪಕ್ಕದಲ್ಲಿ ಅವರ ಮಾಲೀಕರೂ ಇದ್ದರು. ಹೊಸ ಗಾಜು ಕೂರಿಸಿ ಹೊತ್ತಿಸಿದ್ದೇ ತಡ, ಪರದೆಯ ಮೇಲ್ತುದಿಯಲ್ಲಿ ಸಂದೇಶವೊಂದು ಇಳಿಯಿತು. ಬೇರೆ ಬೇಕರಿಯಿಂದ ಬಂದದ್ದು. ಆಯ್ಕೆಯಾಗಿದ್ದೀರಿ, ಒಂದನೇ ತಾರೀಕು ಬಂದು ಸೇರಿಕೊಳ್ಳಿ ಎಂದಿತ್ತು. ಬೆನ್ನಕ್ಕ ಸಂತೋಷ ತಡೆಯಲಾರದೆ, "ಹೊಸ ಕೆಲಸ ಸಿಕ್ತಂತಲ್ಲ, ಒಳ್ಳೇದಾಗಲಿ" ಎಂದುಬಿಟ್ಟರು. ಮಾಲೀಕರ ಮುಖ ಕಪ್ಪಿಟ್ಟಿತು. ಆ ಮನುಷ್ಯನಿಗೆ ಅಂದೇ ಇದ್ದ ಕೆಲಸ ಹೋಯಿತು. ಹೊಸದಕ್ಕೆ ಇನ್ನೂ ಇಪ್ಪತ್ತು ದಿನವಿತ್ತು.

"ಓದಬೇಕು ಅಂತ ಓದಿದ್ದಲ್ಲ. ಕಣ್ಣಿಗೆ ಬಿತ್ತು, ಬಾಯಿ ಸುಮ್ಮನಿರಲಿಲ್ಲ. ಆ ಇಪ್ಪತ್ತು ದಿನ ನನಗೆ ಅನ್ನ ಸೇರಲಿಲ್ಲ" ಎನ್ನುವಾಗ ಅವರ ದನಿ ಈಗಲೂ ತಗ್ಗುತ್ತದೆ. ಅಂದಿನಿಂದ ಅಂಗಡಿಗೆ ನಿಯಮಗಳು ಬಂದವು. ಸಿಮ್ ಗಿರಾಕಿಯ ಕೈಗೆ. ಅಂಕಿ ಒತ್ತುವುದು ಗಿರಾಕಿಯೇ. ಫೋನು ಅಂಗಡಿಯಲ್ಲಿ ಉಳಿದರೆ ಬೋರಲಾಗಿ ಡ್ರಾಯರಿನೊಳಗೆ. ಹೊಸ ಗಾಜಿನ ಮೇಲೆ ಬೆರಳು ಓಡುತ್ತದೋ ಇಲ್ಲವೋ ನೋಡಲು ಬೀಗ ತೆಗೆಯುವ ಹಂಗೇ ಇಲ್ಲ. ತುರ್ತು ಕರೆಗೆಂದು ಬರುವ ಅಂಕಿಗಳನ್ನು ಒತ್ತಿ ನೋಡಿದರಾಯಿತು. ಹೊರಡುವ ಮುನ್ನ ಗಿರಾಕಿಗೆ ಒಂದು ಬುದ್ಧಿಮಾತು ಉಚಿತ: ಬೀಗ ಹಾಕಿದ ಪರದೆಯ ಮೇಲೆ ಸಂದೇಶದ ಮಾತುಗಳು ಕಾಣದ ಹಾಗೆ ಮಾಡಿಕೊಳ್ಳಿ.

ಗಿರಾಕಿಗಳ ಭಯ ಬೇರೆಯೇ ಇರುತ್ತದೆ. ನಾವು ಕಳಿಸುವುದನ್ನು ನಡುವೆ ಯಾರೋ ಕದ್ದು ಓದುತ್ತಾರಂತೆ ಎಂದು ಗಾಬರಿಯಿಂದ ಬರುತ್ತಾರೆ. ಬೆನ್ನಕ್ಕನ ಉತ್ತರ ಸಿದ್ಧವಿದೆ. "ಈ ಸಂದೇಶದ ಆಪುಗಳಲ್ಲಿ ಮಾತು ನಿಮ್ಮ ಫೋನಲ್ಲೇ ಬೀಗ ಹಾಕ್ಕೊಂಡು ಹೊರಡುತ್ತೆ, ಆ ಕಡೆಯವರ ಫೋನಲ್ಲೇ ಬೀಗ ತೆಗೆಯುತ್ತೆ. ದಾರಿಯಲ್ಲಿ ಹಿಡಿದವರಿಗೆ ಸಿಗೋದು ಬರೀ ಗೀಚು. ನೀವು ಹೆದರಬೇಕಾದ್ದು ದಾರಿಗಲ್ಲ. ಬಸ್ಸಲ್ಲಿ ಹಿಂದೆ ನಿಂತವರಿಗೆ, ನಿಮ್ಮ ಅಂಕಿ ಗೊತ್ತಿರೋ ಭಾವನಿಗೆ, ನೀವೇ ಎಲ್ಲೋ ತೆರೆದು ಮರೆತು ಬಂದ ಕಂಪ್ಯೂಟರಿಗೆ."

ಮನೆಯಲ್ಲಿ ಈ ಶಿಸ್ತಿಗೆ ಅಷ್ಟೇನೂ ಮರ್ಯಾದೆಯಿಲ್ಲ. ಹೊಲಿಗೆ ಕೆಲಸದ ಗಂಡ, ಓದುವ ಮಗಳು, ಅತ್ತೆ. ಮೂವರಲ್ಲಿ ಅತ್ತೆಯದೇ ದೊಡ್ಡ ದೂರು. "ಊರವರ ಫೋನೆಲ್ಲ ಇವಳ ಕೈಲಿ. ಸಂಜೆ ಬಂದು ಒಂದು ಸುದ್ದಿ ಹೇಳಲ್ಲ. ಇಂಥ ಸೊಸೆ ಇದ್ದೂ ನಾನು ಪಕ್ಕದ ಮನೆಯವರನ್ನ ಕೇಳಿ ತಿಳ್ಕೋಬೇಕು" ಎಂದು ಅವರು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಾರೆ. ಆ ದೂರಿನಲ್ಲಿ ಅರ್ಧ ಹೆಮ್ಮೆಯಿರುವುದು ಎಲ್ಲರಿಗೂ ಗೊತ್ತು.

ಈಗ ಕಳೆದ ತಿಂಗಳ ಕಥೆ. ಬಸ್ ನಿಲ್ದಾಣದ ಆಚೆ ಆರು ಮಹಡಿಯ ಕಚೇರಿ ಕಟ್ಟಡವಿದೆ. ಅದನ್ನು ಗುಡಿಸಿ ಒರೆಸುವ ಇಪ್ಪತ್ತಮೂರು ಹೆಂಗಸರು ಬೆನ್ನಕ್ಕನ ಕಾಯಂ ಗಿರಾಕಿಗಳು. ಬೆಳಗ್ಗೆ ಆರಕ್ಕೆ ಕೆಲಸಕ್ಕೆ ಹೋಗುವಾಗ ಫೋನು ಕೊಟ್ಟು, ಮಧ್ಯಾಹ್ನ ಎರಡಕ್ಕೆ ತೆಗೆದುಕೊಂಡು ಹೋಗುವುದು ರೂಢಿ. ಅವರು ಒಬ್ಬರನ್ನೊಬ್ಬರು ಮಹಡಿಯ ಲೆಕ್ಕದಲ್ಲೇ ಕರೆಯುತ್ತಾರೆ. ಹಿರಿಯಾಕೆ ಒಬ್ಬರೇ ಎಲ್ಲರಿಗೂ ಚಿಕ್ಕಮ್ಮ.

ಇವರದೊಂದು ಗುಂಪು ಫೋನಿನಲ್ಲಿದೆ. ಕೈಗವಸು ಬೇಕು, ಬಟ್ಟೆ ಬದಲಿಸಲು ಕೋಣೆ ಬೇಕು ಎಂದು ಕೇಳುವ ಯೋಜನೆಯೆಲ್ಲ ಅದರಲ್ಲೇ ನಡೆಯುತ್ತಿತ್ತು. ಆದರೆ ಹಿಂದಿನ ದಿನ ಬರೆದದ್ದು ಮರುದಿನ ಮೇಲ್ವಿಚಾರಕರ ಬಾಯಲ್ಲಿ ಬರತೊಡಗಿತು. ಯಾರು ಮೊದಲು ಮಾತೆತ್ತುತ್ತಾರೆಂದು ತೀರ್ಮಾನವಾಗುತ್ತಿತ್ತೋ ಅವರನ್ನೇ ಬೇರೆ ಪಾಳಿಗೆ ಹಾಕಲಾಗುತ್ತಿತ್ತು. ನಮ್ಮಲ್ಲೇ ಒಬ್ಬರು ಚಾಡಿ ಹೇಳುತ್ತಿದ್ದಾರೆ ಎಂದಾಯಿತು. ಎಲ್ಲರ ಕಣ್ಣು ಮೂರನೇ ಮಹಡಿಯವರ ಮೇಲೆ ಬಿತ್ತು. ಅವರು ಕಡಿಮೆ ಮಾತಿನವರು. ಮೇಲಾಗಿ ಮೇಲ್ವಿಚಾರಕರ ಕಚೇರಿ ಇರುವುದು ಅದೇ ಮಹಡಿಯಲ್ಲಿ. ಇನ್ನೇನು ಬೇಕು? ಮೂರು ವಾರ ಅವರ ಜೊತೆ ಯಾರೂ ಕೂತು ಊಟ ಮಾಡಲಿಲ್ಲ.

ಆ ಹೊತ್ತಿಗೇ ಮೂರನೇ ಮಹಡಿಯವರ ಫೋನು ಬಕೆಟ್ಟಿಗೆ ಬಿದ್ದು ಬೆನ್ನಕ್ಕನ ಡ್ರಾಯರ್ ಸೇರಿತು. ಸುದ್ದಿ ತಿಳಿದ ಉಳಿದವರು ಮರುದಿನ ಎರಡು ಗಂಟೆಗೆ ಚಿಕ್ಕಮ್ಮನನ್ನು ಮುಂದಿಟ್ಟುಕೊಂಡು ಬಂದರು. "ಅವಳು ಯಾರಿಗೆ ಏನು ಕಳಿಸ್ತಾಳೆ ಅಂತ ಒಂದು ಸಲ ನೋಡಿ ಹೇಳಮ್ಮ. ಒಣಗಿತಾ ಅಂತ ನೋಡೋ ನೆಪದಲ್ಲಿ ಅಂಕಿ ಈಸ್ಕೋ. ತಪ್ಪಿಲ್ಲದಿದ್ರೆ ಅವಳಿಗೂ ಒಳ್ಳೇದೇ ಅಲ್ವಾ" ಎಂದರು ಚಿಕ್ಕಮ್ಮ. ಬೆನ್ನಕ್ಕ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಹಾಗಾದರೆ ನಾವ್ಯಾರೂ ಇನ್ನು ಇಲ್ಲಿಗೆ ಬರುವುದಿಲ್ಲ ಎಂದು ಹಿಂದಿನ ಸಾಲಿನಿಂದ ಮಾತು ಬಂತು. ಇಪ್ಪತ್ತಮೂರು ಕಾಯಂ ಗಿರಾಕಿಗಳೆಂದರೆ ಮೆಟ್ಟಿಲ ಕೆಳಗಿನ ಅಂಗಡಿಗೆ ಸಣ್ಣ ಮಾತಲ್ಲ.

"ಸುಳ್ಳು ಯಾಕೆ ಹೇಳಲಿ, ಆಸೆ ಆಯ್ತು" ಎಂದು ಬೆನ್ನಕ್ಕ ಈಗ ಒಪ್ಪಿಕೊಳ್ಳುತ್ತಾರೆ. "ಅವರು ಹಾಗೆ ಮಾಡೋರಲ್ಲ ಅಂತ ನನಗೆ ಅನ್ನಿಸ್ತಿತ್ತು. ನೋಡಿಬಿಟ್ರೆ ಒಂದೇ ಮಾತಲ್ಲಿ ಅವರ ಮೇಲಿನ ಅಪವಾದ ಕಳೀತಿತ್ತು. ಆದ್ರೆ ಫೋನ್ ಅವರದು. ನಂಬಿ ಕೊಟ್ಟು ಹೋಗಿದ್ದಾರೆ."

ಬೆನ್ನಕ್ಕ ಬೇರೆ ದಾರಿ ಹಿಡಿದರು. ಅವರ ಫೋನು ಬೇಡ, ನಿಮ್ಮ ನಿಮ್ಮ ಫೋನು ತೆಗೆಯಿರಿ ಎಂದರು. ಗುಂಪು ಇರುವ ಆಪಿನ ಸೆಟ್ಟಿಂಗ್ಸ್‌ಗೆ ಹೋಗಿ, ಈ ಖಾತೆ ಬೇರೆ ಎಲ್ಲೆಲ್ಲಿ ತೆರೆದಿದೆ ಎಂಬ ಪಟ್ಟಿ ನೋಡಿ ಎಂದು ಬಾಯಲ್ಲೇ ದಾರಿ ಹೇಳಿದರು. ಗೊಣಗುತ್ತಲೇ ಎಲ್ಲರೂ ಒತ್ತಿದರು. ಪಟ್ಟಿ ಖಾಲಿ, ಖಾಲಿ, ಖಾಲಿ. ಚಿಕ್ಕಮ್ಮನ ಫೋನಿನಲ್ಲಿ ಮಾತ್ರ ಒಂದು ಕಂಪ್ಯೂಟರ್ ಕಾಣಿಸಿತು. ಕೊನೆಯ ಬಳಕೆ: ಅದೇ ದಿನ ಬೆಳಗ್ಗೆ ಎಂಟು ಹತ್ತಕ್ಕೆ.

ಚಿಕ್ಕಮ್ಮ ಮೆಟ್ಟಿಲ ಮೇಲೆ ಕುಸಿದು ಕೂತರು. ನಾಲ್ಕು ತಿಂಗಳ ಹಿಂದೆ ಮಗಳ ಅಂಕಪಟ್ಟಿಯನ್ನು ಪ್ರಿಂಟ್ ತೆಗೆಯಲು ಮೇಲ್ವಿಚಾರಕರ ಕಂಪ್ಯೂಟರಿನಲ್ಲಿ ತಮ್ಮ ಖಾತೆ ತೆರೆದಿದ್ದರು. ತೆರೆಯ ಮೇಲಿನ ಚುಕ್ಕಿ ಚೌಕಕ್ಕೆ, ಅಂದರೆ ಕ್ಯೂಆರ್ ಕೋಡಿಗೆ, ಫೋನು ಹಿಡಿದಿದ್ದು ನೆನಪಿದೆ. ಕಾಗದ ಬಂತು, ಖುಷಿಯಲ್ಲಿ ಹೊರಟು ಬಂದರು. ಹೊರಬರುವಾಗ ಮುಚ್ಚಬೇಕು ಎಂದು ಯಾರು ಹೇಳಿದ್ದರು? ಮೇಲ್ವಿಚಾರಕರು ಯಾವ ಬೀಗವನ್ನೂ ಒಡೆದಿರಲಿಲ್ಲ. ತೆರೆದಿಟ್ಟ ಕಿಟಕಿಯ ಮುಂದೆ ಕೂತು ದಿನವೂ ಓದಿಕೊಂಡಿದ್ದರು. "ಹಾಗಾದ್ರೆ ಚಾಡಿ ಹೇಳ್ತಿದ್ದೋಳು ನಾನೇನಾ?" ಎಂದು ಚಿಕ್ಕಮ್ಮ ಕಣ್ಣೊರೆಸಿಕೊಂಡರು. ಮುಚ್ಚುವ ಮುನ್ನ ಓದುವವರಿಗೆ ನಾಲ್ಕು ಒಳ್ಳೆಯ ಮಾತು ಬರೆದೇ ಮುಚ್ಚೋಣ ಎಂದು ಐದನೇ ಮಹಡಿಯವರು ಅಂದಾಗ, ಅಳುವಿನ ನಡುವೆಯೇ ನಗು ಹರಡಿತು. ಬೆನ್ನಕ್ಕ ಬರೆಯಲು ಬಿಡಲಿಲ್ಲ. ಚಿಕ್ಕಮ್ಮನ ಬೆರಳಿನಿಂದಲೇ ಆ ಕಂಪ್ಯೂಟರನ್ನು ಪಟ್ಟಿಯಿಂದ ಕಿತ್ತು ಹಾಕಿಸಿದರು.

ಮಾರನೆಯ ದಿನ ಊಟದ ಹೊತ್ತಿಗೆ ಚಿಕ್ಕಮ್ಮ ತಮ್ಮ ಡಬ್ಬಿ ಹಿಡಿದು ಮೂರನೇ ಮಹಡಿಗೆ ಹತ್ತಿದರು. ಉಳಿದವರೂ ಒಬ್ಬೊಬ್ಬರಾಗಿ ಹಿಂದೆ ಹೋದರು. ಈಗ ಕೈಗವಸು ಬಂದಿದೆ. ಕೋಣೆಯ ಮಾತು ನಡೆಯುತ್ತಿದೆ.

ಆ ಫೋನಿನಲ್ಲಿ ಏನಿತ್ತು ಎಂಬುದನ್ನು ಹೇಳಿದವರು ಬೆನ್ನಕ್ಕ ಅಲ್ಲ, ಅವರಿಗೆ ಗೊತ್ತೂ ಇರಲಿಲ್ಲ. ಹೇಳಿದವರು ಮೂರನೇ ಮಹಡಿಯವರೇ. ಇಂದು ಆರಕ್ಕೆ ಹತ್ತು ನಿಮಿಷವಿರುವಾಗ, ದನಿ ಸರಿಯಾಗಿ ಕೇಳುತ್ತಿಲ್ಲವೆಂದು ಅದೇ ಫೋನು ಹಿಡಿದು ಅಂಗಡಿಗೆ ಬಂದಿದ್ದಾರೆ. "ಚಾಡಿ ಒಂದಕ್ಷರ ಇರಲಿಲ್ಲ. ಆದ್ರೆ ಆ ಮೂರು ವಾರ ನಾನು ದಿನಾ ನನ್ನ ತಂಗಿಗೆ ಇವರನ್ನೆಲ್ಲ ಬೈದು ಬರೀತಿದ್ದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬೈಗುಳ. ಚಿಕ್ಕಮ್ಮನಿಗಂತೂ ಎರಡು ಪುಟ. ಅವತ್ತು ಯಾರಾದ್ರೂ ಓದಿದ್ರೆ ಅಪವಾದ ಹೋಗ್ತಿತ್ತು, ಆದ್ರೆ ಇವರ್ಯಾರೂ ಈ ಜನ್ಮದಲ್ಲಿ ನನ್ನ ಹತ್ತಿರ ಬರ್ತಿರಲಿಲ್ಲ" ಎನ್ನುತ್ತಾರೆ. ಇದನ್ನು ಬರೆಯಬಹುದೇ ಎಂದರೆ ತಲೆಯಾಡಿಸುತ್ತಾರೆ. "ಬರೀರಿ. ಹೋದ ವಾರ ನಾನೇ ಅವರಿಗೆ ಓದಿ ಹೇಳಿದೆ. ಹೊಟ್ಟೆ ಹಿಡ್ಕೊಂಡು ನಕ್ಕರು. ಎಲ್ಲಾ ಓದಲಿಲ್ಲ, ಎರಡು ಬಿಟ್ಟೆ."

ಬೆನ್ನಕ್ಕ ಇದನ್ನು ಕೇಳುತ್ತಿರುವುದು ಇದೇ ಮೊದಲು. ಕೈಯಲ್ಲಿದ್ದ ಚಿಮಟ ಹಾಗೇ ನಿಲ್ಲುತ್ತದೆ. ಅಂದು ಓದಿದ್ದರೆ ಬೈದವರನ್ನೂ ಬೈಸಿಕೊಂಡವರನ್ನೂ, ಮತ್ತೆ ಸೇರಿಸಲು ತನ್ನಿಂದ ಆಗುತ್ತಿರಲಿಲ್ಲ ಎಂಬುದು ಅವರಿಗೆ ಈಗ ಹೊಳೆಯುತ್ತದೆ. ಚಿಮಟವನ್ನು ಮೆಲ್ಲಗೆ ಅದರ ಸಾಲಿಗೆ ಮರಳಿಸುತ್ತಾರೆ.

ಕೆಲಸಕ್ಕೆ ಹೊತ್ತಾಗಿದೆ. ಮೂರನೇ ಮಹಡಿಯವರು ಫೋನನ್ನು ನೀಲಿ ಹಾಸಿನ ಮೇಲಿಟ್ಟು, ಬೀಗದ ನಾಲ್ಕೂ ಅಂಕಿಗಳನ್ನು ಗಟ್ಟಿಯಾಗಿ ಹೇಳಿಬಿಡುತ್ತಾರೆ. "ನೆನಪಿಟ್ಕೊಳ್ಳಿ ಅಕ್ಕ. ನಿಮ್ಮ ಹತ್ತಿರ ನನಗೆ ಮುಚ್ಚುಮರೆ ಇಲ್ಲ" ಎಂದು ಹೊರಡಲು ತಿರುಗುತ್ತಾರೆ.

ಹನ್ನೊಂದು ವರ್ಷದಲ್ಲಿ ನೆನಪಿಟ್ಟುಕೊಳ್ಳಿ ಎಂದು ಹೀಗೆ ಅಂಕಿ ಒಪ್ಪಿಸಿದವರು ಇವರೊಬ್ಬರೇ. ಬೆನ್ನಕ್ಕನ ಮುಖ ಅರಳುತ್ತದೆ; ಅಡಗಿಸಲು ನೋಡುತ್ತಾರೆ, ಆಗುವುದಿಲ್ಲ. ಬಡಾಯಿ ಕೊಚ್ಚಿಕೊಳ್ಳುವ ಜಾಯಮಾನವಂತೂ ಅವರದಲ್ಲ. ಕೈಯೆತ್ತಿ ಅವರನ್ನು ಕರೆದು ನಿಲ್ಲಿಸಿ, ಫೋನನ್ನು ಮತ್ತೆ ಅವರ ಕೈಗೇ ಕೊಡುತ್ತಾರೆ.

"ಒಂದು ನಿಮಿಷ ತಡವಾದ್ರೂ ಪರವಾಗಿಲ್ಲ, ಅಂಕಿ ಬದಲಾಯಿಸಿ ಹೋಗಿ ತಾಯಿ. ಒಂದು ಸಲ ಕಿವಿಗೆ ಬಿದ್ದದ್ದು ನನಗೆ ಮರೆಯೋದೇ ಇಲ್ಲ."