ಗಾಜಿನ ಮೇಲಿನ ಕುಂಕುಮ

ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಮೇಲೆ ನಮ್ಮವ್ವ ಮನೆಯಲ್ಲಿ ಯಾರನ್ನೂ ನೆಮ್ಮದಿಯಿಂದ ಇರಗೊಡಲಿಲ್ಲ. ಯಾದಗಿರಿಯ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದ ಡಾಕ್ಟರನ್ನೇ ಮೊದಲು ದಿಟ್ಟಿಸಿ ನೋಡಿ, "ಏನಪಾ, ದನಿ ಕೇಳಿ ಮುದುಕ ಅನಕೊಂಡಿದ್ದೆ. ಇನ್ನಾ ಹುಡುಗ ಅದಿ!" ಅಂದಳು. ರಂಗಂಪೇಟೆಯ ನಮ್ಮ ಮನೆಗೆ ಬಂದವಳೇ ಅಡುಗೆಮನೆಯ ಮೂಲೆಯ ಜೇಡರ ಬಲೆ, ಡಬ್ಬಿಗಳ ತಳದ ಜಿಡ್ಡು, ನನ್ನ ತಲೆಯ ಬಿಳಿಕೂದಲು, ಎಲ್ಲವನ್ನೂ ಒಂದೊಂದಾಗಿ ಎತ್ತಿ ತೋರಿಸಿದಳು.

"ಇಷ್ಟು ಹೊಲಸಿನ್ಯಾಗ ನನ್ನ ಇಟ್ಟಿದ್ದೇನು ನೀ?"

ನಾನು ವರ್ಷಗಟ್ಟಲೆ ಶಾಲೆಯಲ್ಲಿ ಮಕ್ಕಳನ್ನು ಗದರಿಸಿ ನಿವೃತ್ತಳಾದವಳು. ಗದರಿಸಿಕೊಂಡು ಅಭ್ಯಾಸವಿಲ್ಲ. "ನಿನಗ ಕಣ್ಣು ಬಂದದ್ದೇ ತಪ್ಪಾತು ನೋಡು," ಅಂದೆ.

ಅವ್ವ ಜೋರಾಗಿ ನಕ್ಕಳು. ಅವಳು ನಕ್ಕರೆ ಓಣಿಯ ಆಚೆ ತುದಿಯವರೂ ಏನಾಯಿತೆಂದು ಬಾಗಿಲಿಗೆ ಬರುತ್ತಾರೆ. ನಕ್ಕು ಮುಗಿಸಿ, ಸೆರಗಿನಿಂದ ಹೊಸ ಕಣ್ಣು ಒರೆಸಿಕೊಂಡು ಸಣ್ಣ ದನಿಯಲ್ಲಿ ಹೇಳಿದಳು: "ಕಣ್ಣೇನೋ ಬಂದಾವ. ಈಗ ನಮ್ಮವ್ವನ ಮಾರಿ ತೋರಿಸು. ಅದೊಂದು ನೋಡಿಬಿಟ್ರ ಸಾಕು, ಆಮ್ಯಾಲ ಮತ್ತ ಮುಚ್ಚಿದ್ರೂ ಮುಚ್ಚಲಿ."

ಅವ್ವ ಮೊಲೆ ಕುಡಿಯುವ ಕೂಸಾಗಿದ್ದಾಗಲೇ ಅವಳ ತಾಯಿ ತೀರಿಕೊಂಡಿದ್ದಳು. ಕೂಸನ್ನು ತಾವು ಸಾಕುತ್ತೇವೆಂದು ತವರಿನವರು ಶಹಾಪುರದಿಂದ ಬಂಡಿ ಕಟ್ಟಿಕೊಂಡು ಬಂದಿದ್ದರಂತೆ. ನನ್ನ ಅಜ್ಜ ಕೊಡಲಿಲ್ಲ. ಮಾತಿಗೆ ಮಾತು ಬೆಳೆದು ಬಂಡಿ ಖಾಲಿಯಾಗಿ ಹಿಂದಿರುಗಿತು. ಅಲ್ಲಿಗೆ ಹೋಗುವುದು ಬರುವುದು ನಿಂತುಹೋಯಿತು. ಅಜ್ಜ ಎರಡನೇ ಮದುವೆಯಾದ. ಅವ್ವನಿಗೆ ತಾಯಿಯ ಬಗ್ಗೆ ಗೊತ್ತಿದ್ದದ್ದು ಇಷ್ಟೇ: ಊರು ಶಹಾಪುರ, ಮನೆತನ ಬಟ್ಟೆ ವ್ಯಾಪಾರದ್ದು. ಇನ್ನೊಂದು ಮಾತು, ಅವಳನ್ನು ಸಾಕಿದ ಅಜ್ಜಿ, ಅಂದರೆ ಅವಳ ತಂದೆಯ ತಾಯಿ, ಬೈಯುವಾಗ ಹೇಳುತ್ತಿದ್ದದ್ದು. "ಹೆಣ್ಣುಡುಗಿ ಹಿಂಗ ನಗ್ತಾರೇನು? ಈ ನಗಿ ನಮ್ಮ ಮನ್ಯಾಗಿಂದಲ್ಲ." ಹಾಗಾದರೆ ಯಾರ ಮನೆಯದು ಎಂದು ಅವ್ವ ಕೇಳಿದರೆ ಅಜ್ಜಿ ಬಾಯಿ ಬಿಡುತ್ತಿರಲಿಲ್ಲ.

ಹುಡುಕಾಟ ನಗೆಪಾಟಲಿನಿಂದಲೇ ಶುರುವಾಯಿತು. ಅವ್ವನ ಮಲತಮ್ಮನ ಮಗ ಸುರಪುರದಲ್ಲಿ ಅಜ್ಜನ ಹಳೆಯ ಮನೆಯಲ್ಲೇ ಇದ್ದಾನೆ. ವಿಷಯ ತಿಳಿದು ಟ್ರಂಕಿನಿಂದ ಒಂದು ಫೋಟೋ ಹುಡುಕಿ, ಟವೆಲಿನಲ್ಲಿ ಸುತ್ತಿಕೊಂಡು ತಂದ. "ಅತ್ತಿ, ನಿಮ್ಮವ್ವ ನೋಡ್ರಿ," ಎಂದು ಕಣ್ಣಲ್ಲಿ ನೀರು ತಂದುಕೊಂಡ. ಅವ್ವ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದಳು.

"ಲೇ, ಇಕಿ ನಮ್ಮ ಚಿಗವ್ವ, ನಿನ್ನ ಸ್ವಂತ ಅಜ್ಜಿ. ಇಕಿ ಮಾರಿ ಮರೀಬೇಕಂದ್ರ ನನಗ ಅರ್ಧ ಆಯುಷ್ಯ ಹಿಡೀತು. ಮತ್ತ ತಂದು ಮುಂದ ಹಿಡದಿಯಲ್ಲೋ!"

ಪಾಪ, ಅವನು ಚಹಾ ಕೂಡ ಕುಡಿಯದೆ ಟವೆಲು ಸುತ್ತಿಕೊಂಡು ಹೋದ.

ಆಮೇಲೆ ನನಗೆ ನೆನಪಾದದ್ದು 'ಶಹಾಪುರದವರ ಹೊಲ'. ಅವ್ವನ ತಾಯಿಯ ಮದುವೆಯಲ್ಲಿ ತವರಿನವರು ಅರಿಶಿಣ ಕುಂಕುಮಕ್ಕೆಂದು ಕೊಟ್ಟ ಹೊಲ ಅದು. ಎಂದೋ ಮಾರಿ ಹೋಗಿದ್ದರೂ ಮನೆಯಲ್ಲಿ ಈಗಲೂ ಅದೇ ಹೆಸರಿನಿಂದ ಕರೆಯುತ್ತೇವೆ. ಹೊಲ ಕೊಟ್ಟವರ ಹೆಸರು ಸರಕಾರದ ಹಳೆಯ ಕಾಗದದಲ್ಲಿ ಇರಲೇಬೇಕಲ್ಲ! ತಹಸೀಲ್ ಕಚೇರಿಗೆ ಹೋಗಿ ನಕಲಿಗೆ ಅರ್ಜಿ ಕೊಟ್ಟೆ. ಇವತ್ತು ಸರ್ವರ್ ಇಲ್ಲ, ನಾಳೆ ಸಾಹೇಬರಿಲ್ಲ, ನಾಡಿದ್ದು ಕೀಲಿ ಇಟ್ಟುಕೊಂಡವರಿಲ್ಲ. ಕೊನೆಗೆ ಒಂದು ದಿನ ನಾನು ಬೆಂಚಿನ ಮೇಲೆ ಕುಳಿತು ಊಟದ ಡಬ್ಬಿ ಬಿಚ್ಚಿದೆ. "ಇಲ್ಲೇ ಉಂಡು ಇಲ್ಲೇ ಒರಗತೀನಿ. ನಿಮಗೇನೂ ತ್ರಾಸಿಲ್ಲ, ನಿಮ್ಮ ಕೆಲಸ ನೀವು ಮಾಡ್ರಿ," ಅಂದೆ. ಗುಮಾಸ್ತ ಎದ್ದು ನಿಂತ. "ಬ್ಯಾಡ್ರಿ ಟೀಚರ್, ನಿಮ್ಮ ಕೈಯಾಗ ಕಲತಾಂವ ನಾನು. ನೀವು ಒರಗಿದ್ರಂದ್ರ ಏಳೂದಿಲ್ಲ ಅಂತ ಗೊತ್ತದ," ಎಂದು ಒಳಗೆ ಹೋಗಿ ಬಟ್ಟೆಯಲ್ಲಿ ಕಟ್ಟಿದ ಕಾಗದದ ಗಂಟುಗಳನ್ನು ಇಳಿಸಿದ. ಧೂಳಿಗೆ ಇಬ್ಬರೂ ಸೀನಿದ್ದೇ ಸೀನಿದ್ದು.

ನಕಲು ಸಿಕ್ಕಿತು, ಆದರೆ ನಿಜಾಮರ ಕಾಲದ ಉರ್ದು. ನನಗೆ ಅದರಲ್ಲಿ ಓದಲು ಬಂದದ್ದು ಮುದ್ರೆಯ ದುಂಡು ಮಾತ್ರ. ಉರ್ದು ಶಾಲೆಯಲ್ಲಿ ಟೀಚರಾಗಿದ್ದ ಗೆಳತಿಯ ಮನೆಗೆ ಓಡಿದೆ. ಚುನಾವಣೆ ಡ್ಯೂಟಿಯಲ್ಲಿ ಒಂದೇ ಚಾಪೆಯಲ್ಲಿ ಮಲಗಿ ಬೆಳೆದ ಸ್ನೇಹ ನಮ್ಮದು. ಅವಳು ಕನ್ನಡಕ ಏರಿಸಿ, ಇಳಿಸಿ, ಕಿಟಕಿಗೆ ಹೋಗಿ ನಿಂತಳು.

"ಅರೇ, ಏನ್ ಬರದಾನ ಇಂವ! ಕೋಳಿ ತಿಪ್ಪಿ ಕೆದರಿದಂಗ ಅದ."

"ಬರತದೋ ಇಲ್ಲೋ ಹೇಳವ್ವಾ ತಾಯಿ."

"ಸಬರ್ ಮಾಡು ಮಾರಾಯ್ತಿ. ಚಾ ಕುಡಿ ಮೊದಲ."

ಚಹಾ ಎರಡು ಸಲ ಆಯಿತು. ಆಮೇಲೆ ಅವಳು ಬೆರಳಿಟ್ಟು ಓದಿದಳು. ಹೊಲ ಕೊಟ್ಟವನ ಹೆಸರು, ಅವನ ತಂದೆಯ ಹೆಸರು, ವಾಸ ಶಹಾಪುರ, ಬಟ್ಟೆ ವ್ಯಾಪಾರಿ, ಕೊನೆಗೆ ಮನೆತನದ ಅಡ್ಡಹೆಸರು. ಆ ಅಡ್ಡಹೆಸರನ್ನು ಅವಳು ಎರಡು ಸಲ ಹೇಳಿ, "ಸಿಕ್ತಲ್ಲ! ಈಗ ಖಾಲಿ ಕೈಲೆ ಹೋಗಬ್ಯಾಡ, ಪೇಡೆ ತಗೊಂಡು ಹೋಗು. ತವರಿನವರು ಅದಾರ," ಅಂದಳು. ನಾನು ಅವಳನ್ನು ತಬ್ಬಿಕೊಂಡ ರಭಸಕ್ಕೆ ಕನ್ನಡಕ ಕೆಳಗೆ ಬಿತ್ತು. ಪುಣ್ಯಕ್ಕೆ ಒಡೆಯಲಿಲ್ಲ.

ಮರುದಿನ ಬೆಳಿಗ್ಗೆಯೇ ಶಹಾಪುರದ ಬಸ್ಸು ಹತ್ತಿದೆ. ಬಜಾರಿನಲ್ಲಿ ಅಡ್ಡಹೆಸರು ಹೇಳಿದ ಕೂಡಲೇ ಒಬ್ಬ ದರ್ಜಿ ಹಲ್ಲಿನಲ್ಲಿದ್ದ ದಾರವನ್ನೂ ತೆಗೆಯದೆ ಗುಡ್ಡದ ಬದಿಯ ಓಣಿಗೆ ಕೈ ತೋರಿಸಿದ. ದೊಡ್ಡ ಕಟ್ಟೆಯ ಹಳೆಯ ಮನೆ. ಬಾಗಿಲಿಗೆ ಬಂದವರು ಆ ಮನೆಯ ಹಿರಿಯ ಸೊಸೆ, ಅಂದರೆ ಅವ್ವನ ಸೋದರಮಾವನ ಮಗನ ಹೆಂಡತಿ. ನಾನು ಯಾರು ಎಂದು ಹೇಳಿ ಮುಗಿಸುವ ಮೊದಲೇ ಅವರು ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡರು.

"ಪಟದತ್ತಿ ಮೊಮ್ಮಗಳೇನ್ರಿ? ಯವ್ವಾ, ಸುರಪುರದಾಗ ಒಂದು ಕೂಸು ಉಳದದ ಅಂತ ನಮ್ಮತ್ತಿ ಸಾಯೂತನಕ ಹೇಳ್ತಿದ್ರು! ಬರ್ರಿ, ಒಳಗ ಬರ್ರಿ, ನಿಮ್ಮ ಅಜ್ಜಿ ತೋರಿಸ್ತೀನಿ."

ಪಟದತ್ತಿ! ಅಂದರೆ ಪಟ ಇದೆ. ಚಪ್ಪಲಿ ಬಿಟ್ಟು ಅವರ ಹಿಂದೆಯೇ ಒಳಗೆ ಓಡಿದೆ. ದೇವರ ಜಗಲಿಯ ಮೇಲೆ, ಲಿಂಗದ ಕರಡಿಗೆ, ವಿಭೂತಿ ಗಟ್ಟಿಗಳ ಪಕ್ಕದಲ್ಲಿ, ಕಟ್ಟು ಹಾಕಿಸಿದ ಫೋಟೋ. ಕುರ್ಚಿಯಲ್ಲಿ ಕುಳಿತ ಹೆಂಗಸು. ಇಳಕಲ್ ಸೀರೆಯ ಸೆರಗು ಕಾಣುತ್ತಿತ್ತು. ಮೊಣಕಾಲಿನ ಮೇಲಿಟ್ಟ ಕೈಗಳು, ಕೈತುಂಬ ಬಳೆ, ಕೆಳಗೆ ಕಾಲುಂಗುರ ಹಾಕಿದ ಎರಡು ಪಾದ. ಮುಖ ಮಾತ್ರ ಇರಲಿಲ್ಲ. ಮುಖ ಇರಬೇಕಾದ ಕಡೆ ರೊಟ್ಟಿಯಷ್ಟು ದಪ್ಪ ಕುಂಕುಮ.

"ಮುತ್ತೈದಿಯಾಗಿ ಹೋದಾಕಿ ನೋಡ್ರಿ. ಶುಕ್ರವಾರಕ್ಕೊಮ್ಮೆ, ಅಮವಾಸಿಗೊಮ್ಮೆ ಹಣಿಗಿ ಹಚ್ಚೇ ಹಚ್ತೀವಿ. ಈ ಮನಿಗಿ ಹೊಸಾ ಸೊಸಿ ಬಂದ್ರ ಮೊದಲ ಕುಂಕುಮ ಆಕಿಗೇ," ಎಂದರು ಆ ತಾಯಿ, ಹೆಮ್ಮೆಯಿಂದ.

"ಮಾರಿ ಹೆಂಗ ಅದರಿ?" ಎಂದು ಕೇಳಿದೆ.

"ಯಾರಿಗೊತ್ತ್ರಿ? ನಾ ಮದುವ್ಯಾಗಿ ಬರೂದ್ರಾಗ ಆಗಲೇ ಹಿಂಗ ಇತ್ತು."

ಹಚ್ಚಿದ ಕುಂಕುಮ ಹಣೆ ದಾಟಿ, ಮೂಗು ದಾಟಿ, ಗಲ್ಲಕ್ಕೆ ಇಳಿದಿತ್ತು. ಪೂಜೆ ಮಾಡಿ ಮಾಡಿಯೇ ಮನುಷ್ಯಳನ್ನು ಮಾಯ ಮಾಡಿದ್ದರು! ಒಂದು ಒದ್ದೆ ಬಟ್ಟೆ ಕೊಡಿ, ಮೆಲ್ಲಗೆ ಒರೆಸಿ ನೋಡುತ್ತೇನೆ ಎಂದೆ. ಅವರು ಪಟಕ್ಕೆ ಅಡ್ಡವಾಗಿ ನಿಂತರು.

"ಮುತ್ತೈದಿ ಹಣಿ ಒರಸ್ತೀರೇನ್ರಿ? ಕೈ ಹೆಂಗ ಬರ್ತದ ನಿಮಗ? ನನ್ನ ಮಗ ಹುಟ್ಟುವಾಗ ಬ್ಯಾನಿ ತಿಂದು ಸಾಯೂ ಹೊತ್ತು ಬಂದಿತ್ತು. ನಮ್ಮತ್ತಿ ಈಕಿ ಮುಂದ ದೀಪಾ ಹಚ್ಚಿ ಕುಂತು ನನ್ನ ಉಳಿಸ್ಯಾರ. ಬೇರೆ ಏನರ ಕೇಳ್ರಿ, ಇದೊಂದು ಬ್ಯಾಡ."

ನನ್ನ ತಲೆ ಕಾಯಿತು. ಒಂದೆರಡು ಮಾತು ಬಿರುಸಾಗಿಯೇ ಆಡಿದೆ. ಅವರು ಎದುರುತ್ತರ ಕೊಡಲಿಲ್ಲ, ಕಣ್ಣೀರು ಹಾಕಿದರು, ಮೇಲೆ ಹೋಳಿಗೆ ಬಡಿಸಿದರು. ಅಂಥವರ ಜೊತೆ ಜಗಳ ಆಡುವುದು ಹೇಗೆ? ಮೊಬೈಲಿನಲ್ಲಿ ಆ ಕೆಂಪು ಮುಖದ ಚಿತ್ರ ತೆಗೆದುಕೊಂಡು ಊರಿಗೆ ಬಂದೆ.

ಅವ್ವ ಮೊಬೈಲನ್ನು ಬಹಳ ಹೊತ್ತು ನೋಡಿದಳು. ಕೈಗಳ ಮೇಲೆ, ಪಾದಗಳ ಮೇಲೆ ಬೆರಳಾಡಿಸಿದಳು. ಬೆರಳು ತಾಗಿದಾಗಲೆಲ್ಲ ಚಿತ್ರ ಜಾರಿ ಹೋಗುತ್ತಿತ್ತು, ನಾನು ಮತ್ತೆ ಮತ್ತೆ ತಂದು ಹಿಡಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. "ಇಷ್ಟು ಸನೀಪ ಬಂದು ಬಿಡಾಕ ಆಗ್ತದೇನು? ನಾಳಿಗಿ ನನ್ನ ಕರಕೊಂಡು ಹೋಗು," ಅಂದಳು.

ಅಪ್ಪ ಹೋದ ಮೇಲೆ ಅವ್ವ ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಿದ್ದಳು. ಅವತ್ತು ಮಾತ್ರ ಪೆಟ್ಟಿಗೆಯ ತಳದ ಬಿಳಿ ಅಂಚಿನ ಸೀರೆ ತೆಗೆದು ಉಟ್ಟಳು. ಬಸ್ಸಿನಲ್ಲಿ ಪಕ್ಕದವಳು ಎಲ್ಲಿಗೆ ಹೊರಟಿರಿ ಎಂದು ಕೇಳಿದ್ದಕ್ಕೆ, "ತವರಿಗಿ ಹೊಂಟೀನಿ," ಎಂದು ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದಳು. ಆ ಹೆಂಗಸು ಅವ್ವನ ಬೋಳು ಬಾಯಿ, ಬಾಗಿದ ಬೆನ್ನು ನೋಡಿ, "ಈ ವಯಸ್ಸಿನ್ಯಾಗ?" ಅಂದಳು. "ಮೊದಲನೇ ಸಲ ನೋಡವ್ವ," ಎಂದು ಅವ್ವ ನಕ್ಕಳು. ಕಂಡಕ್ಟರೂ ನಕ್ಕ.

ಶಹಾಪುರದ ಮನೆಯಲ್ಲಿ ಅವ್ವನಿಗೆ ಕಾಲಿಗೆ ನೀರು ಕೊಟ್ಟು, ಕಂಬಳಿ ಹಾಸಿ ಕೂರಿಸಿದರು. ಅತ್ತದ್ದೂ ಆಯಿತು, ನಕ್ಕದ್ದೂ ಆಯಿತು. ಆಮೇಲೆ ಪಟ ಇಳಿಸಿ ತಂದು ಅವಳ ಮಡಿಲಲ್ಲಿ ಇಟ್ಟರು. ಅವ್ವ ಕುಂಕುಮವನ್ನು ಮುಟ್ಟಲಿಲ್ಲ. ಪಟವನ್ನು ಆ ಕಡೆ ಈ ಕಡೆ ವಾಲಿಸಿ ನೋಡಿದಳು, ಬೋರಲು ಹಾಕಿ ಹಿಂದಿನ ಹಲಗೆಯ ಮೇಲೆ ಕೈ ಸವರಿದಳು.

"ತಂಗಿ, ಕುಂಕುಮ ನೀವು ಗಾಜಿಗಿ ಹಚ್ಚೀರಿ. ನಮ್ಮವ್ವಗ ಹಚ್ಚಿಲ್ಲ."

"ಅಂದ್ರ?"

"ಅಂದ್ರೇನು, ಕುಂಕುಮ ಹಂಗೇ ಇರಲಿ, ಯಾರೂ ಮುಟ್ಟಬ್ಯಾಡ್ರಿ. ಹಿಂದಿನ ಮೊಳಿ ಕೀಳ್ರಿ. ನಮ್ಮವ್ವನ್ನ ಹಿಂದಿನ ಬಾಗಿಲಿಂದ ಹೊರಗ ಕರೀತೀನಿ."

ಆ ತಾಯಿ ಅವ್ವನನ್ನು ನೋಡಿದರು, ಪಟವನ್ನು ನೋಡಿದರು, ಸೆರಗು ಬಾಯಿಗೆ ಹಚ್ಚಿಕೊಂಡರು. "ಅಯ್ಯ ಶಿವನೇ, ಇದಕ್ಕೇನೂ ಅಡ್ಡಿ ಇಲ್ಲ ಬಿಡ್ರಿ!" ಎಂದು ಗಂಡನನ್ನು ಕೂಗಿದರು. ಅವರು, ಅಂದರೆ ನನಗೆ ಮಾವನಾಗಬೇಕಾದವರು, ಅಂಗಡಿಯಿಂದ ಇಕ್ಕಳ ಹಿಡಿದುಕೊಂಡು ಬಂದರು.

ಮೊಳೆಗಳು ತುಕ್ಕು ಹಿಡಿದು ಹಲಗೆಗೆ ಕಚ್ಚಿಕೊಂಡಿದ್ದವು. ನನಗೆ ಬೇರೆಯೇ ಹೆದರಿಕೆ. ಇಷ್ಟು ವರ್ಷದ ಕುಂಕುಮದ ನೀರು ಒಳಗೆ ಇಳಿದಿದ್ದರೆ? ಫೋಟೋ ಗಾಜಿಗೆ ಅಂಟಿ, ಎಳೆದಾಗ ಮುಖವೇ ಕಿತ್ತುಬಂದರೆ? ಹಲಗೆ ಎದ್ದಿತು. ಫೋಟೋದ ಒಂದು ಮೂಲೆ ಅಂಟಿಕೊಂಡಿತ್ತು. ಮಾವ ಅದರ ಕೆಳಗೆ ಉಗುರು ತೂರಿಸಿ ಸ್ವಲ್ಪ ಸ್ವಲ್ಪವೇ ಬಿಡಿಸಿದರು. ಚರ್ ಎಂದು ಸದ್ದಾಯಿತು. ಅವ್ವ ಕಣ್ಣು ಮುಚ್ಚಿಕೊಂಡಳು. ಆ ಕಣ್ಣಿಗಾಗಿಯೇ ನಾವು ಯಾದಗಿರಿಗೆ ಅಲೆದದ್ದು!

"ಯವ್ವಾ, ಕಣ್ಣು ತಗೀ," ಅಂದೆ.

ಹರಿದದ್ದು ಮೂಲೆಯ ಖಾಲಿ ಜಾಗ ಮಾತ್ರ. ಸೀರೆ, ಕುರ್ಚಿ, ಹಿಂದಿನ ಪರದೆ ಎಲ್ಲ ಬೆಳಕಿಗೆ ಮಾಸಿ ಹಳದಿಯಾಗಿದ್ದವು. ಮುಖ ಮಾತ್ರ ನಿನ್ನೆ ತೆಗೆಸಿದಷ್ಟು ನಿಚ್ಚಳ. ಇಷ್ಟು ವರ್ಷ ಅದಕ್ಕೆ ಬೆಳಕು ತಾಗಲು ಕುಂಕುಮ ಬಿಟ್ಟಿರಲಿಲ್ಲ. ಎಳೆ ಹುಡುಗಿ. ಫೋಟೋದವನು ಗಂಭೀರವಾಗಿರು ಎಂದು ಹೇಳಿರಬೇಕು. ಅವಳಿಗೆ ತಡೆಯಲಾಗಿಲ್ಲ. ಕಣ್ಣು ಸಣ್ಣದಾಗಿ, ಗಲ್ಲ ಉಬ್ಬಿ, ಹಲ್ಲೆಲ್ಲ ಕಾಣುವ ಹಾಗೆ ನಕ್ಕುಬಿಟ್ಟಿದ್ದಾಳೆ. ಅದು ಅವ್ವನ ನಗು. ನಾನು ಹುಟ್ಟಿದಾಗಿನಿಂದ ನೋಡಿದ, ಓಣಿಗೆಲ್ಲ ಕೇಳುವ ಅದೇ ನಗು.

"ನಕ್ಕಾಳಲ್ಲೇ!" ಅಂದಳು ಅವ್ವ. "ನಮ್ಮವ್ವ ನಕ್ಕಾಳ ನೋಡ್ರಿ! ನಂದೇ ನಗಿ!" ಅವಳೂ ನಕ್ಕಳು, ಅದೇ ಉಸಿರಿನಲ್ಲಿ ಅತ್ತಳು. ಫೋಟೋವನ್ನು ಎದೆಗೆ ಒತ್ತಿಕೊಳ್ಳುವುದು, ದೂರ ಹಿಡಿದು ನೋಡುವುದು, ಮತ್ತೆ ಒತ್ತಿಕೊಳ್ಳುವುದು. ನಾನು ಇಷ್ಟು ವರ್ಷ ಯಾರೆದುರೂ ಅಳದವಳು, ಅವತ್ತು ಗೋಡೆಗೆ ಮುಖ ಮಾಡಿ ಬಿಕ್ಕಿಬಿಕ್ಕಿ ಅತ್ತೆ. ಅಷ್ಟು ಸಂತೋಷ ನನಗೆ ನೆನಪಿರುವ ಹಾಗೆ ಆಗಿರಲೇ ಇಲ್ಲ.

ಮಾವ ಬಜಾರಿಗೆ ಹೋಗಿ ಹೊಸ ಗಾಜು ಕತ್ತರಿಸಿ ತಂದರು. ಕುಂಕುಮದ ಹಳೆಯ ಗಾಜನ್ನು ಹಾಗೆಯೇ ಜಗಲಿಯ ಮೇಲೆ ಇಟ್ಟರು, ಅದಕ್ಕೂ ಹೂವು ಏರಿತು. ಪಟ ಮತ್ತೆ ಕಟ್ಟಿನೊಳಗೆ ಕುಳಿತು, ಮನೆಯವರನ್ನೆಲ್ಲ ನೋಡಿ ನಗತೊಡಗಿತು. ಆ ತಾಯಿ ಕುಂಕುಮದ ಬಟ್ಟಲು ಹಿಡಿದುಕೊಂಡು ಬಂದವರು ತಡೆದು ನಿಂತರು.

"ಯಕ್ಕಾ, ಈಗ ಎಲ್ಲಿ ಹಚ್ಚೂಣು?"

"ಪಾದಕ್ಕ ಹಚ್ಚರಿ. ಮಾರಿ ನನಗ ಬಿಡ್ರಿ," ಅಂದಳು ಅವ್ವ.

ಅವರು ಬಟ್ಟಲನ್ನು ಅವ್ವನ ಮುಂದೆಯೇ ಚಾಚಿದರು. ಅವ್ವ ಥಟ್ಟನೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಬ್ಯಾಡ ತಂಗಿ. ಗಂಡ ಸತ್ತಾಕಿ ನಾನು, ಕುಂಕುಮ ಮುಟ್ಟಬಾರದು."

ಮುತ್ತೈದೆಯ ಹಣೆ ಒರೆಸಬಾರದೆಂದು ನನಗೆ ಅಡ್ಡ ನಿಂತವರು ಅದೇ ತಾಯಿ. ಈಗ ಅವರೇ ಅವ್ವನ ಕೈಯನ್ನು ಸೆರಗಿನಿಂದ ಹೊರಗೆ ತೆಗೆದರು.

"ನಮಗ ನೀವು ಏನರ ಆಗಿರ್ರಿ ಯಕ್ಕಾ. ಆಕಿಗಿ ನೀವು ಇನ್ನಾ ಹಾಲು ಕುಡಿಯೂ ಕೂಸು. ಹಚ್ಚರಿ."

ಅವ್ವ ಹಚ್ಚಿದಳು. ಪಾದದ ಜೊತೆಗೆ ಪಟದೊಳಗಿನ ಸೀರೆಯ ಅಂಚಿಗೂ ಒಂದಿಷ್ಟು ಕುಂಕುಮ ಬಿತ್ತು. ಅದನ್ನು ಯಾರೂ ಒರೆಸಲಿಲ್ಲ.