ಭುಂಗಾ ಹತ್ತಿದ ತೊಟ್ಟಿಲು

ಪುಣೆಯ ಧನಕವಡಿಯಲ್ಲಿರುವ ನಮ್ಮ ಮನೆಯ ಕಿಟಕಿಯ ಬಳಿ ಕಲಘಟಗಿಯ ಬಣ್ಣದ ತೊಟ್ಟಿಲೊಂದಿದೆ. ಅದು ನನ್ನ ಹೆಂಡತಿಯ ತವರಿನಿಂದ ಬಂದದ್ದು. ಮಗಳು ಬಾಣಂತನಕ್ಕೆ ಬಂದಾಗ, ಮೊಮ್ಮಗಳನ್ನೂ ಅದರಲ್ಲೇ ಹಾಕಿ ಹೆಸರಿಡಬೇಕೆಂದು ಹೆಂಡತಿ ಹಟ ಹಿಡಿದಳು.

ಅದಕ್ಕೂ ಮುಂಚೆ ಒಂದು ದಿನ ಮೇಲಿನ ಮನೆಯ ಮರಾಠಿ ಸೊಸೆ ಬಂದಿದ್ದಳು. ತೊಟ್ಟಿಲು ನೋಡಿ, "ಕಾಕಾ, ಯಾಲಾ ಭುಂಗಾ ಲಾಗ್‌ಲಾಯ್," ಎಂದಳು. ಭುಂಗಾ ಎಂದರೆ ಭೃಂಗ, ದುಂಬಿ ಎಂದುಕೊಂಡೆ ನಾನು. ಹೊರಗೆ ಬಳ್ಳಿಯ ಮೇಲೆ ಕರಿದುಂಬಿಯೊಂದು ಹಾರಾಡುತ್ತಲೂ ಇತ್ತು. "ಹೋ, ಹೋ" ಎಂದು ನಕ್ಕು ಕಿಟಕಿ ಮುಚ್ಚಿದೆ. ಅವಳು ನನ್ನ ಮುಖವನ್ನೇ ನೋಡಿದಳು.

ಆಮೇಲೆ ತೊಟ್ಟಿಲ ಕೆಳಗೆ ಹಿಟ್ಟಿನಂಥ ಪುಡಿ ಕಂಡಿತು. ಅದರಲ್ಲಿ ಒಂದು ಹುಳು. ಎಳ್ಳಿಗಿಂತ ತುಸು ಉದ್ದ, ಕಂದು ಬಣ್ಣ, ತಲೆ ಎದೆಯಡಿ ಅಡಗಿತ್ತು. ಹಿಂಭಾಗ ಕೊಯ್ದಂತೆ ಮೊಂಡಾಗಿ, ಅಲ್ಲಿ ಎರಡು ಪುಟ್ಟ ಮುಳ್ಳು. ಊರಲ್ಲಿ ಕುಟ್ಟೆ ಹುಳ ಕಂಡಿದ್ದೆ, ಇಂಥದ್ದನ್ನು ಕಂಡಿರಲಿಲ್ಲ. ಇದರ ಹೆಸರು ಇವತ್ತಿಗೂ ಗೊತ್ತಿಲ್ಲ. ಆದರೆ ಆ ಸೊಸೆ ಹೇಳಿದ್ದು ಆಗ ಅರ್ಥವಾಯಿತು: ಅವಳ ಭುಂಗಾ ದುಂಬಿಯಲ್ಲ, ಕಟ್ಟಿಗೆ ಕೊರೆಯುವ ಹುಳು; ತೊಟ್ಟಿಲಿಗೆ ಅದು ಹತ್ತಿದೆ ಎಂದಿದ್ದಳು.

ಅರ್ಥವಾದ ಮೇಲೂ ಬಾಯಿ ಬಿಡಲಿಲ್ಲ. ಹುಳು ಕೊರೆದ ಸಣ್ಣ ತೂತುಗಳಿಗೆ ಮೇಣ ತುಂಬಿ ಮೇಲೆ ಕೆಂಪು ಬಣ್ಣ ಬಳಿದೆ. ಹೆಂಡತಿ ಏಳುವ ಮುನ್ನವೇ ಪುಡಿ ಒರೆಸಿಡುತ್ತಿದ್ದೆ. ಕಿಟಕಿ ಮುಚ್ಚಿದ ಕಥೆ ಕೇಳಿದರೆ ನಗುತ್ತಾಳೆಂಬ ನಾಚಿಕೆ, ಅಷ್ಟೇ ಕಾರಣ.

ಹೆಸರಿಡುವ ಹಿಂದಿನ ದಿನ ಹೆಂಡತಿ ತೊಟ್ಟಿಲಿಗೆ ಹಾಸಿಗೆ ಹಾಸಿ, ಕೂಸನ್ನು ಎತ್ತಿಕೊಂಡು ಬಂದಳು. ಮಲಗಿಸಿ ನೋಡುವ ಆಸೆ. ನನಗೆ ತಡೆಯಲಾಗಲಿಲ್ಲ. ಮೇಲಿನ ಅಡ್ಡಪಟ್ಟಿಯನ್ನು ಒತ್ತಿದೆ. ಹೆಬ್ಬೆರಳು ಒಳಗೇ ಹೋಯಿತು.

"ಹಾಕಬ್ಯಾಡ! ಕೂಸಿನ್ನ ಹಾಕಬ್ಯಾಡ!" ಎಂದು ಕೂಗಿ, ಎಲ್ಲವನ್ನೂ ಹೇಳಿದೆ.

"ಭುಂಗಾ ಅಂದ್ರ ದುಂಬಿ ಅಂದ್ಕೊಂಡ್ರಿ? ಇಷ್ಟ್ ವರ್ಷ ಪುಣೇದಾಗಿದ್ದು ಭಾಳ ಮರಾಠಿ ಕಲ್ತೀರಿ ಬಿಡ್ರಿ!" ಎಂದು ನಕ್ಕಳು. ಆಮೇಲೆ ಪುಡಿಯಾದ ಕಟ್ಟಿಗೆ ಮುಟ್ಟಿ ನಗು ನಿಲ್ಲಿಸಿದಳು. "ಗೊತ್ತಾದ ಮ್ಯಾಲೂ ಮುಚ್ಚಿಟ್ರಲ್ಲ. ಕೂಸು ಬಿದ್ದಿದ್ರ?"

 

ಮೊಮ್ಮಗಳಿಗೆ ಸೀರೆಯ ಜೋಳಿಗೆಯಲ್ಲಿ ಹೆಸರಿಟ್ಟೆವು. ಮರುದಿನವೇ ತೊಟ್ಟಿಲು ಬಿಚ್ಚಿದೆ. ಮಗಳ ಮುಂದಿನ ಕೂಸಿಗಾದರೂ ಇದು ಗಟ್ಟಿಯಾಗಿರಬೇಕು. ಮೇಣ ಕೆರೆದು ತೆಗೆದಿದ್ದೇನೆ, ಟೊಳ್ಳಾದ ಪಟ್ಟಿಯ ಜಾಗಕ್ಕೆ ಹಳೆಯ ಸಾಗವಾನಿ ಕೂಡಿಸಿದ್ದೇನೆ, ತೂತುಗಳಿಗೆ ಔಷಧಿ ಬಿಟ್ಟಿದ್ದೇನೆ. ಅವನ್ನು ಮತ್ತೆ ಮುಚ್ಚಿಲ್ಲ. ಹೊಸ ಪುಡಿ ಬಿದ್ದರೆ ಕಾಣಲೆಂದು ಕೆಳಗೆ ಕರಿ ಬಟ್ಟೆ ಹಾಸಿದ್ದೇನೆ.

"ಇವತ್ತ ಬಿದ್ದದೇನ್ರಿ?" ಎಂದು ಹೆಂಡತಿ ದಿನಾ ಕೇಳುತ್ತಾಳೆ. ನಿನ್ನೆ ತೊಟ್ಟಿಲಿನ ಒಂದು ಕಾಲಿನ ಕೆಳಗೆ ಚಿಟಿಕೆ ಪುಡಿ ಬಿದ್ದಿತ್ತು. ಒರೆಸಲಿಲ್ಲ. ಅವಳನ್ನು ಕರೆದು ತೋರಿಸಿದೆ, ಆ ಕಾಲನ್ನೂ ಕೊಯ್ದು ಬದಲಿಸಲು ಗರಗಸ ತೆಗೆದುಕೊಂಡೆ.