ಅನೀಸ್ ಮೇಷ್ಟ್ರಿಗೆ ಬಿದ್ದ ಅಂಕ

ದೊಡ್ಡಬಳ್ಳಾಪುರದ ಖಾಸಗಿ ಪದವಿ ಕಾಲೇಜೊಂದರಲ್ಲಿ ಅನೀಸ್ ಅಹಮದ್ ಹತ್ತೊಂಬತ್ತು ವರ್ಷದಿಂದ ಇತಿಹಾಸ ಪಾಠ ಮಾಡುತ್ತಿದ್ದರು. ಅಪ್ಪ ಪವರ್‌ಲೂಮ್ ಮಗ್ಗ ಓಡಿಸಿದವರು. ಆ ಸದ್ದಿನ ಮನೆಯಲ್ಲಿ ಬೆಳೆದದ್ದಕ್ಕೋ ಏನೋ, ಅನೀಸರ ದನಿ ಕೊನೆಯ ಬೆಂಚಿಗೂ ನಿಚ್ಚಳವಾಗಿ ಕೇಳಿಸುತ್ತಿತ್ತು. ಕೆಲಸ ಮಾತ್ರ ಇಷ್ಟು ವರ್ಷವಾದರೂ ಕಾಯಂ ಆಗಿರಲಿಲ್ಲ. ಪ್ರತಿ ವರ್ಷ ಕಾಲೇಜು ಶುರುವಾಗುವಾಗ ಹೊಸ ಆದೇಶಪತ್ರ ಬರುತ್ತಿತ್ತು, ಸಹಿ ಹಾಕಿ ತರಗತಿಗೆ ಹೋಗುತ್ತಿದ್ದರು.

ಅವರದು ಕನ್ನಡ ಮಾಧ್ಯಮದ ಬಿ.ಎ. ತರಗತಿ. ನೋಟ್ಸ್ ಬರೆಸುವ ಅಭ್ಯಾಸ ಅವರಿಗಿರಲಿಲ್ಲ. "ಕೇಳಿಸ್ಕೊಳ್ಳಿ, ಆಮೇಲೆ ನಿಮ್ಮ ಮಾತಲ್ಲೇ ಬರೀರಿ" ಎನ್ನುತ್ತಿದ್ದರು. ವರ್ಷಕ್ಕೊಮ್ಮೆ ಮಕ್ಕಳನ್ನು ಹತ್ತಿರದ ರಾಜಘಟ್ಟಕ್ಕೆ ಕರೆದೊಯ್ದು, ಉತ್ಖನನ ನಡೆದ ಜಾಗದಲ್ಲಿ ನಿಲ್ಲಿಸಿ, "ಇಲ್ಲಿ ಬೌದ್ಧ ಭಿಕ್ಷುಗಳಿದ್ರು ಕಣ್ರಪ್ಪಾ, ನಿಮ್ಮ ರಾಗಿ ಹೊಲದ ಪಕ್ಕದಲ್ಲೇ" ಎಂದು ಪಾಠ ಶುರು ಮಾಡುತ್ತಿದ್ದರು.

ಈ ವರ್ಷ ಅಧ್ಯಾಪಕರ ಮೌಲ್ಯಮಾಪನ ಫೋನಿಗೆ ಬಂತು. ಹಾಲ್ ಟಿಕೆಟ್ ಬೇಕಾದರೆ ವಿದ್ಯಾರ್ಥಿಗಳು ಮೊದಲು ಒಬ್ಬೊಬ್ಬ ಅಧ್ಯಾಪಕರ ಬಗ್ಗೆಯೂ ಇಪ್ಪತ್ತು ಪ್ರಶ್ನೆಗಳಿಗೆ ಒಂದರಿಂದ ಐದರವರೆಗೆ ಅಂಕ ಕೊಡಬೇಕು. ಎಲ್ಲವೂ ಇಂಗ್ಲಿಷಿನಲ್ಲಿ. ತುಂಬಿದವರ ಹೆಸರು ಯಾರಿಗೂ ಗೊತ್ತಾಗುವುದಿಲ್ಲ. ಆಫೀಸಿನ ಮುಂದೆ ಮಕ್ಕಳು ಗೋಡೆಗೊರಗಿ ಫೋನಿನ ಮೇಲೆ ಸರಸರನೆ ಬೆರಳಾಡಿಸುತ್ತಿದ್ದುದನ್ನು ಅನೀಸ್ ನೋಡಿಕೊಂಡೇ ಹೋಗಿದ್ದರು.

ಹದಿನೈದು ದಿನದ ಮೇಲೆ ಪ್ರಿನ್ಸಿಪಾಲ್ ಆದಿನಾರಾಯಣಪ್ಪ ಕರೆಸಿ, ಒಂದು ಹಾಳೆಯನ್ನು ಮುಂದೆ ಸರಿಸಿದರು. ಐದಕ್ಕೆ ಒಂದು ಪಾಯಿಂಟ್ ನಾಲ್ಕು.

"ಎರಡೂವರೆಗಿಂತ ಕಮ್ಮಿ ಬಂದೋರಿಗೆ ಆರ್ಡರ್ ಕೊಡಬಾರದು ಅಂತ ಆಡಳಿತ ಮಂಡಳಿ ತೀರ್ಮಾನ ಮಾಡಿದೆ. ನಿಮ್ಮ ಪಾಠ ನಾನೇ ಕಿಟಕಿ ಹತ್ರ ನಿಂತು ಕೇಳಿದೀನಿ. ಹೆಂಗಾಯ್ತು ಅನೀಸ್ ಇದು?"

ಅನೀಸರಿಗೇನು ಗೊತ್ತು? ಹಾಳೆಯ ಕೊನೆಯಲ್ಲಿ ಅನಿಸಿಕೆಗೆಂದು ಬಿಟ್ಟಿದ್ದ ಜಾಗದಲ್ಲಿ ಒಂದೇ ಒಂದು ಸಾಲಿತ್ತು: 'ಸರ್ ನೋಟ್ಸ್ ಕೊಡಲ್ಲ.'

ಪರೀಕ್ಷೆ ಶುರುವಾಗಿತ್ತು. ಮೇಲ್ವಿಚಾರಣೆಗೆ ನಿಂತ ಅನೀಸ್, ಬಗ್ಗಿ ಬರೆಯುತ್ತಿದ್ದ ಮೂವತ್ತೆರಡು ತಲೆಗಳನ್ನು ಒಂದೊಂದಾಗಿ ನೋಡಿದರು. ತಡವಾಗಿ ಬಂದನೆಂದು ನವೀನ್‌ಕುಮಾರನನ್ನು ಒಮ್ಮೆ ಹೊರಗೆ ನಿಲ್ಲಿಸಿದ್ದುಂಟು. ಬರೆದದ್ದು ಸಾಲದೆಂದು ಕೀರ್ತನಳ ಪ್ರಬಂಧವನ್ನು ಎರಡು ಸಲ ವಾಪಸು ಕೊಟ್ಟದ್ದುಂಟು. ಹೀಗೆ ಹುಡುಕುತ್ತ ಹೋದರೆ ಎಲ್ಲರ ಮುಖದಲ್ಲೂ ಒಂದು ಮುನಿಸು ಕಾಣುತ್ತಿತ್ತು.

"ಮಕ್ಕಳನ್ನೇ ಕೇಳಿಬಿಡಿ" ಎಂದರು ಹೆಂಡತಿ ಜಹೀರುನ್ನೀಸಾ.

"ಕೇಳಿದ್ರೆ ಹೆದರಿಸಿದ ಹಾಗಾಗುತ್ತೆ" ಎಂದು ಅನೀಸ್ ಒಪ್ಪಲಿಲ್ಲ. ಅಂದಿನಿಂದ ಮಕ್ಕಳು ನಮಸ್ಕಾರ ಎಂದರೆ ಕತ್ತಾಡಿಸಿ ಮುಂದೆ ಹೋಗತೊಡಗಿದರು.

ಕೊನೆಯ ಪರೀಕ್ಷೆ ಮುಗಿದ ದಿನ ಗೇಟಿನ ಬಳಿ ಕೀರ್ತನ ಅಡ್ಡ ಬಂದಳು. "ಸರ್, ನಮ್ಮೇಲೆ ಕೋಪನಾ?"

"ನಿಮಗೆ ಬೇಡವಾದ ಮೇಷ್ಟ್ರು ಕಣಮ್ಮ ನಾನು. ನನ್ನ ಕೋಪ ಕಟ್ಕೊಂಡು ನಿಮಗೇನು?"

"ಬೇಡ ಅಂದೋರ್ಯಾರು ಸರ್? ಮೂರ್ನಾಲ್ಕು ಜನ ಬಿಟ್ಟು ಎಲ್ರೂ ನಿಮಗೆ ಒಂದೇ ಹಾಕಿದ್ದು. ಒಂದು ಅಂದ್ರೆ ಫಸ್ಟು ಅಂತ ನವೀನ ಗ್ರೂಪಲ್ಲಿ ಹಾಕಿದ್ದ."

"ಬಾಕಿಯೋರಿಗೆ?"

"ಮೂರು, ನಾಲ್ಕು. ಬಾಯಿಗೆ ಬಂದಂಗೆ ಬೈತಾರಲ್ಲ, ಅವ್ರಿಗೆ ಐದು ಹಾಕ್ಬಿಟ್ವಿ."

ಆ ಬೈಯುವ ಮೇಷ್ಟ್ರು ಉತ್ತಮ ಅಧ್ಯಾಪಕರೆಂದು ಹಿಂದಿನ ವಾರವಷ್ಟೇ ಹಾರ ಹಾಕಿಸಿಕೊಂಡಿದ್ದರು.

ಅನೀಸರಿಗೆ ಮೊದಲು ಎದೆ ಹಗುರಾಯಿತು. ಮರುಗಳಿಗೆಯೇ ಈ ಮಕ್ಕಳನ್ನು ಅನುಮಾನಿಸಿದೆನಲ್ಲ ಎಂದು ನಾಚಿಕೆಯಾಯಿತು. ಐದೇ ಎಲ್ಲಕ್ಕಿಂತ ಮೇಲು ಎಂಬುದನ್ನು ಅವಳಿಗೆ ಹೇಳಲೋ ಬೇಡವೋ ಎಂದು ಅಳೆದೂ ಸುರಿದೂ ಕೊನೆಗೆ ಹೇಳಿದರು.

ಮಾರನೆಯ ದಿನ ಅವಳು ಮೂವತ್ತೆರಡು ಸಹಿಯ ಪತ್ರ ಹಿಡಿದು ಪ್ರಿನ್ಸಿಪಾಲರ ಕೋಣೆಗೆ ಹೋದಳು. ಆದಿನಾರಾಯಣಪ್ಪ ಎರಡು ಸಲ ಓದಿ, ಆಡಳಿತ ಮಂಡಳಿಯ ಕಾರ್ಯದರ್ಶಿಗೆ ಫೋನ್ ಮಾಡಿ, ತುಂಬ ಹೊತ್ತು "ಹೂಂ, ಹೂಂ" ಎಂದು ಇಟ್ಟುಬಿಟ್ಟರು.

"ಫಾರಂ ಕ್ಲೋಸಾಗಿದೆ ಕಣಮ್ಮ. ವರದಿಯೂ ಹೋಗಾಯ್ತು. ಯಾರು ಎಷ್ಟು ಹಾಕಿದ್ರು ಅಂತ ತೋರ್ಸೋಕೆ ಹೆಸರೇ ಇಲ್ಲ. ಸಹಿ ಮಾಡಿಸಿದ್ದು ಮೇಷ್ಟ್ರೇ ಇರಬೇಕು ಅಂತಾರೆ."

"ಸರ್‌ಗೆ ಇದು ಗೊತ್ತೇ ಇಲ್ಲ ಸರ್."

"ನಂಗೆ ಗೊತ್ತು. ನಂಗೆ ಗೊತ್ತಿದ್ದು ಏನು ಬಂತು?"

ಮುಂದಿನ ವರ್ಷಕ್ಕೆ ಅನೀಸರಿಗೆ ಆದೇಶಪತ್ರ ಬರಲಿಲ್ಲ. ಒಂದು ತಿಂಗಳು ಮನೆಯಲ್ಲಿದ್ದು, ಆಮೇಲೆ ದೇವನಹಳ್ಳಿಯ ಟ್ಯುಟೋರಿಯಲ್ ಒಂದಕ್ಕೆ ಸೇರಿದರು. ಪಿಯುಸಿಯಲ್ಲಿ ನಪಾಸಾದವರಿಗೆ ಅಲ್ಲಿ ನೋಟ್ಸ್ ಓದಿ ಹೇಳಬೇಕು, ಅವರು ಬರೆದುಕೊಳ್ಳಬೇಕು. ಪ್ರಶ್ನೆ ಕೇಳುವ ಪದ್ಧತಿ ಅಲ್ಲಿಲ್ಲ. ಕೀರ್ತನ ಆಗಾಗ "ಸಾರಿ ಸರ್" ಎಂದು ಮೆಸೇಜು ಕಳಿಸುತ್ತಾಳೆ. "ಓದ್ಕೊಮ್ಮ" ಎಂದಷ್ಟೇ ಉತ್ತರಿಸುತ್ತಾರೆ.

ನವೀನ್‌ಕುಮಾರ ಈಗ ಬಸ್ ನಿಲ್ದಾಣದ ಎದುರಿನ ಮೊಬೈಲ್ ಅಂಗಡಿಯಲ್ಲಿ ಕೂರುತ್ತಾನೆ. ಬೆಳಿಗ್ಗೆ ದೇವನಹಳ್ಳಿ ಬಸ್ಸಿಗೆ ಬಂದು ನಿಲ್ಲುವ ಅನೀಸರನ್ನು ಕಂಡರೆ ಸಾಕು, ಎದ್ದು ಬಟ್ಟೆಯ ಪರದೆ ಸರಿಸಿ ಒಳಗೆ ಹೋಗಿಬಿಡುತ್ತಾನೆ. ಒಂದು ದಿನ ಅನೀಸ್ ರಸ್ತೆ ದಾಟಿ ಅಂಗಡಿಯ ಮೆಟ್ಟಿಲವರೆಗೂ ಹೋದರು. "ನವೀನಾ, ನಿಂದೇನೂ ತಪ್ಪಿಲ್ಲ ಕಣೋ" ಎಂದು ಪರದೆಯ ಕಡೆಗೆ ಹೇಳಿದರು. ಒಳಗಿನಿಂದ ಯಾರೂ ಬರಲಿಲ್ಲ. ಸ್ವಲ್ಪ ಹೊತ್ತು ಕಾದರು. ಅಷ್ಟರಲ್ಲಿ ಬಸ್ಸು ಹೊರಟಿತು, ಓಡಿಹೋಗಿ ಹತ್ತಿದರು.